ಮಿಲ್ಪಿಟಾಸ್‌ನ ದ್ವಾದಶಿ

ಹೋದ ವಾರ ಹಳೆಯ ಬಟ್ಟೆಗಳನ್ನು ದಾನಕ್ಕೆಂದು ಬೇರೆ ಮಾಡುತ್ತಿದ್ದಾಗ ನೀಲಿ ಮಳೆಕೋಟಿನ ಒಳಜೇಬಿನಲ್ಲಿ ಏನೋ ಗಟ್ಟಿಯಾದದ್ದು ಕೈಗೆ ಸಿಕ್ಕಿತು. ತೆಗೆದು ನೋಡಿದರೆ ಕಾಗದ ಸುತ್ತಿದ ಒಂದು ಸಕ್ಕರೆ ಬಿಲ್ಲೆ. ಕಾಗದದ ಮೇಲಿದ್ದ ಚರ್ಚಿನ ಚಿತ್ರ ಮಾಸಿತ್ತು, ಮೂಲೆಗಳು ಹಳದಿಗಟ್ಟಿದ್ದವು. ಇಷ್ಟು ವರ್ಷ ಇರುವೆಗಳಿಗೂ ಬೇಡವಾಗಿ ಹಾಗೇ ಉಳಿದುಕೊಂಡಿದೆ. “ಅಮ್ಮಾ, ಜಸ್ಟ್ ಥ್ರೋ ಇಟ್” ಅಂದಳು ಮಗಳು. ನಾನು ಎಸೆಯಲಿಲ್ಲ. ಬೆರ್ರಿಯೆಸಾದ ಈ ಮನೆಯ ಗರಾಜಿನಲ್ಲಿ, ರಟ್ಟಿನ ಡಬ್ಬಗಳ ನಡುವೆ ಅದನ್ನು ಹಿಡಿದುಕೊಂಡು ಕೂತೇಬಿಟ್ಟೆ. ಕಾಕು ನೆನಪಾದರು...

ಕಾಕು ಎಂದರೆ ಧಾರವಾಡದ ಕಡೆ ಚಿಕ್ಕಮ್ಮ, ಆದರೆ ಇವರು ನನ್ನ ಸಂಬಂಧಿಕರೇನಲ್ಲ. ಎಂಬತ್ತರ ದಶಕದ ನಡುವಿನಲ್ಲಿ ನಾವು ಕ್ಯಾಲಿಫೋರ್ನಿಯಾದ ಮಿಲ್ಪಿಟಾಸ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದಾಗ ಅವರು ಪಕ್ಕದ ಮನೆಯಲ್ಲಿದ್ದರು. ಧಾರವಾಡದ ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಗಂಡ ತೀರಿಕೊಂಡ ಮೇಲೆ ಎಂಜಿನಿಯರ್ ಮಗನ ಜೊತೆ ಇರಲು ಬಂದಿದ್ದರು. ಎರಡು ಮನೆಗಳ ನಡುವಿನ ಗೋಡೆ ಎಷ್ಟು ತೆಳ್ಳಗಿತ್ತೆಂದರೆ ಅಲ್ಲಿ ಅವರು ಮೆಣಸಿನಕಾಯಿ ಹುರಿದರೆ ಇಲ್ಲಿ ನನ್ನ ಗಂಡ ಸೀನುತ್ತಿದ್ದರು. ಉಪ್ಪು ಬೇಕಾದರೆ ಕಾಕು ಬಾಗಿಲಿಗೆ ಬರುತ್ತಿರಲಿಲ್ಲ, ಗೋಡೆ ತಟ್ಟುತ್ತಿದ್ದರು. ನಾನೂ ತಟ್ಟುವುದನ್ನು ಕಲಿತೆ.

ಅವರಿಗೊಂದು ಹುಚ್ಚು ಹಿಡಿದದ್ದು ಮಿಲ್ಪಿಟಾಸ್‌ನ ಲೈಬ್ರರಿಯಲ್ಲಿ. ಅಲ್ಲಿಯ ನೋಟಿಸ್ ಬೋರ್ಡಿನಲ್ಲಿ ಒಂದು ನಡಿಗೆಯ ಗುಂಪಿನ ಚೀಟಿ ಅಂಟಿಸಿದ್ದರು. ಆ ಗುಂಪಿನವರು ಶನಿವಾರ ಶನಿವಾರ ಸುತ್ತಲಿನ ಗುಡ್ಡ ಹತ್ತುತ್ತಾರೆ, ವರ್ಷಕ್ಕೊಮ್ಮೆ ದೂರದ ದೇಶಕ್ಕೆ ಹೋಗಿ ನಡೆಯುತ್ತಾರೆ. ಆ ವರ್ಷದ ಪಾಳಿ ಫ್ರಾನ್ಸಿನ ಹಳ್ಳಿಗಾಡಿನದು. ಒಂದು ಹಳ್ಳಿಯಿಂದ ಇನ್ನೊಂದು ಹಳ್ಳಿಗೆ ಎರಡು ವಾರ ನಡಿಗೆ. ಸಾಮಾನು ವ್ಯಾನಿನಲ್ಲಿ ಮುಂದೆ ಹೋಗುತ್ತದೆ. ಕಾಕು ಮನೆಗೆ ಬಂದವರೇ ಗೋಡೆ ತಟ್ಟಿದರು.

“ಮೂವತ್ತು ವರ್ಷ ಗ್ವಾಡಿಗೆ ನಕಾಶೆ ಹಾಕಿ ಫ್ರಾನ್ಸ್ ಕಲಿಸೀನವಾ. ಗೋದಿ ಇಲ್ಲೆ, ದ್ರಾಕ್ಷಿ ಇಲ್ಲೆ, ಅಡವಿ ಇಲ್ಲೆ ಅಂತ ಕೋಲು ಇಟ್ಟು ತೋರಿಸೀನಿ. ಒಮ್ಮೆ ಕಾಲು ಇಟ್ಟು ನೋಡೂದು ಬ್ಯಾಡೇನು?”

ಬೇಡ ಎನ್ನಲು ಅವರ ಮಗನ ಹತ್ತಿರ ಒಳ್ಳೆಯ ಕಾರಣವಿತ್ತು. ಕಾಕುಗೆ ಸಕ್ಕರೆ ಕಾಯಿಲೆ. ದಿನಾ ಬೆಳಿಗ್ಗೆ ಗುಳಿಗೆ ನುಂಗಬೇಕು, ಹೊತ್ತಿಗೆ ಸರಿಯಾಗಿ ಉಣ್ಣಬೇಕು. ಎರಡು ವಾರ ಮನೆಯಲ್ಲಿ ಮಾತಿಲ್ಲ ಕತೆಯಿಲ್ಲ. ಆಮೇಲೊಂದು ಸಂಜೆ, ನನ್ನನ್ನು ಅತ್ತಿಗೆಯೆಂದೇ ಕರೆಯುತ್ತಿದ್ದ ಮಗ ಮೆಟ್ಟಿಲ ಹತ್ತಿರ ನನ್ನನ್ನು ನಿಲ್ಲಿಸಿದ.

“ನೀವು ಜೋಡಿ ಹೋಗೂದಾದ್ರ ಕಳಸ್ತೀನ್ರಿ ವೈನಿ. ಗುಳಿಗಿ ಡಬ್ಬಿ ನಿಮ್ಮ ಕಡೆನ ಇರಲಿ. ಆಕಿ ಕೈಯಾಗ ಕೊಟ್ರ ಮರೀತಾಳ. ಅಪ್ಪ ಹೋಗಿ ಇನ್ನೂ ವರ್ಷ ಆಗಿಲ್ಲ... ಅವ್ವನ್ನ ನಿಮ್ಮ ಮ್ಯಾಲೆ ಬಿಟ್ಟೀನಿ.”

ನನಗೆ ಆಗಿನ್ನೂ ಮಕ್ಕಳಿರಲಿಲ್ಲ. ಗಂಡನಿಗೆ ಮೀಟಿಂಗುಗಳೇ ಮಕ್ಕಳು. ಆಫೀಸಿನಲ್ಲಿ ರಜೆ ಉಳಿದಿತ್ತು. ನಾನು ಹೂಂ ಅಂದೆ.

ವಸಂತದುದ್ದಕ್ಕೂ ಶನಿವಾರಗಳಲ್ಲಿ ಮಿಲ್ಪಿಟಾಸ್ ಹಿಂದಿನ ಗುಡ್ಡಗಳನ್ನು ಹತ್ತಿದೆವು. ಕಾಕು ನೂಲಿನ ಸೀರೆಯನ್ನು ಎತ್ತಿ ಸಿಕ್ಕಿಸಿ, ಬಿಳಿ ಕ್ಯಾನ್ವಾಸ್ ಶೂ ಹಾಕಿ, ಕೊಡೆ ಊರಿಕೊಂಡು ನಡೆಯುತ್ತಿದ್ದರು. ದನಗಳು ಮೇವು ಬಿಟ್ಟು ಅವರನ್ನೇ ನೋಡುತ್ತಿದ್ದವು. ನೆತ್ತಿ ತಲುಪಿದರೆ ಕೆಳಗೆ ಫ್ರೀವೇ, ಕೊಲ್ಲಿಯ ಉಪ್ಪಿನ ಮಡಿಗಳು, ದೂರದಲ್ಲಿ ಹೇವರ್ಡ್ ಪಟ್ಟಣ. ಕಾಕು ಕೊಡೆಯ ತುದಿಯಿಂದ ಒಂದೊಂದನ್ನೇ ತೋರಿಸಿ ನನಗೆ ಪಾಠ ಹೇಳುತ್ತಿದ್ದರು. ಏದುಸಿರು ಬಿಡುತ್ತಿದ್ದವಳು ನಾನೇ.

ಗುಂಪಿನ ಮುಂದಾಳು ಹೇವರ್ಡ್ ಕಡೆಯ ಒಬ್ಬ ಎತ್ತರದ ಅಮೆರಿಕನ್. ಮಿತಭಾಷಿ, ಶಿಸ್ತಿನವನು. ಹೊರಡುವ ಮುನ್ನ ಎಲ್ಲರನ್ನೂ ಕೂರಿಸಿ, ಯಾರಿಗಾದರೂ ಕಾಯಿಲೆ ಕಸಾಲೆ ಇದ್ದರೆ ಈಗಲೇ ಹೇಳಿ, ಕಾಡಿನ ಮಧ್ಯೆ ಡಾಕ್ಟರು ಸಿಗುವುದಿಲ್ಲ ಎಂದ. ಕಾಕು ಮೇಜಿನ ಕೆಳಗೆ ನನ್ನ ಕೈ ಚಿವುಟಿದರು. “ಸಕ್ಕರಿ ಸುದ್ದಿ ತಗೀಬ್ಯಾಡ. ಕರಕೊಂಡು ಹೋಗಂಗಿಲ್ಲ ಅವಾ.” ನಾನು ಬಾಯಿ ಮುಚ್ಚಿಕೊಂಡೆ. 

ಇಲ್ಲಿ ಏಕಾದಶಿಯ ವಿಷಯ ಹೇಳಲೇಬೇಕು. ಬೆಂಗಳೂರಿನ ನಮ್ಮ ಮನೆಯಲ್ಲಿ ಏಕಾದಶಿ ಅಂದರೆ ಅನ್ನದ ಬದಲು ಉಪ್ಪಿಟ್ಟು, ಅದಕ್ಕೆ ಕೈತುಂಬ ಗೋಡಂಬಿ. ಕಾಕು ಮನೆಯದು ಹಾಗಲ್ಲ. ಹನಿ ನೀರೂ ಇಲ್ಲದ ಉಪವಾಸ. ಮರುದಿನ ದ್ವಾದಶಿ, ಸೂರ್ಯ ಹುಟ್ಟುತ್ತಿದ್ದಂತೆ ಪಾರಣೆ ಮಾಡಿ ಉಪವಾಸ ಬಿಡಬೇಕು. ಸಕ್ಕರೆ ಕಾಯಿಲೆ ಬಂದ ಮೇಲೆ ಹಣ್ಣು ಹಾಲು ತೆಗೆದುಕೊಳ್ಳುತ್ತೇನೆಂದು ಮಗನಿಗೆ ಮಾತು ಕೊಟ್ಟಿದ್ದರಂತೆ. ಇನ್ನು ಅಮೆರಿಕಕ್ಕೆ ಬಂದವರಿಗೆಲ್ಲ ಇನ್ನೊಂದು ತಲೆನೋವು. ಊರಿನ ಪಂಚಾಂಗದಲ್ಲಿ ಮಂಗಳವಾರ ಏಕಾದಶಿ ಎಂದಿದ್ದರೆ ಇಲ್ಲಿ ಯಾವ ದಿನ? ಅಲ್ಲಿ ಬೆಳಗಾದಾಗ ಇಲ್ಲಿ ಇನ್ನೂ ಹಿಂದಿನ ದಿನವೇ ಮುಗಿದಿರುವುದಿಲ್ಲವಲ್ಲ. ಯಾರ ಮನೆಗೆ ಊಟಕ್ಕೆ ಹೋದರೂ ಈ ವಾದ ಒಮ್ಮೆ ಆಗುತ್ತಿತ್ತು. ಕಾಕು ಮಾತ್ರ ಯೋಚನೆ ಮಾಡಿ, ಇಲ್ಲಿ ಒಂದು ದಿನ ಮೊದಲು, ಸೋಮವಾರವೇ ಎಂದು ಗಟ್ಟಿ ಮಾಡಿಕೊಂಡಿದ್ದರು.

ಜೂನ್ ತಿಂಗಳಲ್ಲಿ ಫ್ರಾನ್ಸ್‌ಗೆ ಹೋದೆವು. ಮೊದಲ ದಿನಗಳ ಸುಖ ಈಗಲೂ ಮರೆತಿಲ್ಲ. ಎದೆಮಟ್ಟ ಗೋದಿ, ಅಂಚಿನಲ್ಲಿ ಕೆಂಪು ಹೂ. ಕಿಟಕಿಗಳಿಗೆಲ್ಲ ಮರದ ಬಾಗಿಲು ಮುಚ್ಚಿಕೊಂಡು ಮಧ್ಯಾಹ್ನ ನಿದ್ದೆ ಹೋಗುವ ಹಳ್ಳಿಗಳು. ನಡುವೆ ಒಂದು ಚರ್ಚು, ಒಂದು ನೀರಿನ ತೊಟ್ಟಿ, ಒಂದು ನಾಯಿ. ಮುದುಕರು ಬೆಂಚಿನಿಂದ ಎದ್ದು ಕಾಕುಗೆ ಟೊಪ್ಪಿಗೆ ತೆಗೆಯುತ್ತಿದ್ದರು. ಕಾಕು ಹೊಲದ ಮಣ್ಣು ಕೈಗೆ ತೆಗೆದುಕೊಂಡು ಪುಡಿ ಮಾಡಿ ನೋಡುತ್ತಿದ್ದರು. “ನಾ ಕಲಿಸಿದ್ದು ಖರೇನ ಅದ ನೋಡು!” ಎಂದು ಒಮ್ಮೆ ಹೊಲದ ಬದುವಿನಲ್ಲಿ ನಿಂತು ಕಣ್ಣು ಒರೆಸಿಕೊಂಡರು. ಅವರು ಕಟ್ಟಿಕೊಂಡು ಬಂದ ಚಟ್ನಿಪುಡಿಯನ್ನು ಬೆಣ್ಣೆ ಹಚ್ಚಿದ ಬ್ರೆಡ್ಡಿಗೆ ಉದುರಿಸಿಕೊಂಡು ಗುಂಪಿನವರೆಲ್ಲ ಮೂಗಿನಲ್ಲಿ ನೀರು ಸುರಿಸುತ್ತ ತಿನ್ನುತ್ತಿದ್ದರು. ನಾನು ದಿನಾ ಬೆಳಿಗ್ಗೆ ಡಬ್ಬಿ ತೆರೆದು ಅವರ ಅಂಗೈಗೆ ಗುಳಿಗೆ ಹಾಕುತ್ತಿದ್ದೆ.

ಒಂದು ಸೋಮವಾರ ಕಾಕು ಹೊಟ್ಟೆ ಸರಿಯಿಲ್ಲ ಎಂದರು. ತಿಂಡಿಗೆ ಬರಲಿಲ್ಲ. ಮಧ್ಯಾಹ್ನ ಬ್ರೆಡ್ಡು ಸೇಬು ಕೊಟ್ಟರೆ “ಆಮ್ಯಾಲೆ ತಿಂತೀನಿ” ಎಂದು ಚೀಲಕ್ಕೆ ಹಾಕಿಕೊಂಡರು. ರಾತ್ರಿ ಬೇಗ ಮಲಗಿದರು. ಮಂಗಳವಾರ ಬೆಳಿಗ್ಗೆ ಹಳ್ಳಿಯ ಕಾಫಿ ಅಂಗಡಿಯಲ್ಲಿ ಕೂತಾಗಲೂ ತಮ್ಮ ತಟ್ಟೆಯನ್ನು ನನ್ನ ಕಡೆ ಸರಿಸಿದರು. ಗುಳಿಗೆಯನ್ನು ಮಾತ್ರ ಬಾಯಿಗೆ ಎಸೆದುಕೊಂಡು ಒಣಗಂಟಲಲ್ಲೇ ನುಂಗಿದರು. ನನಗೆ ಅನುಮಾನ ಬರಬೇಕಿತ್ತು, ಬರಲಿಲ್ಲ. ನಾನು ಆ ಹೊತ್ತಿಗೆ ಕಾಫಿಗೆಂದು ಮೇಜಿನ ಮೇಲಿಟ್ಟಿದ್ದ ಸಕ್ಕರೆ ಬಿಲ್ಲೆಗಳ ಕಾಗದದ ಮೇಲಿನ ಬಣ್ಣದ ಚಿತ್ರಗಳಿಗೆ ಮರುಳಾಗಿ, ಊರಿಗೆ ಒಯ್ಯೋಣವೆಂದು ಒಂದು ಹಿಡಿ ಮಳೆಕೋಟಿನ ಜೇಬಿಗೆ ಹಾಕಿಕೊಳ್ಳುತ್ತಿದ್ದೆ.

ಅವತ್ತಿನ ದಾರಿ ಬಹುಪಾಲು ಕಾಡಿನಲ್ಲಿ. ಓಕ್ ಮರಗಳ ದಟ್ಟ ಕಾಡು, ಹಗಲಲ್ಲೂ ಮಬ್ಬು. ದಾರಿ ತಪ್ಪದಿರಲೆಂದು ಅಲ್ಲಲ್ಲಿ ಮರಗಳಿಗೆ ಬಿಳಿ ಕೆಂಪು ಪಟ್ಟಿ ಬಳಿದಿರುತ್ತಾರೆ. ಗುಂಪು ಮುಂದೆ ಹೋಯಿತು. ನಾವಿಬ್ಬರೂ ಯಾವತ್ತೂ ಹಿಂದೆಯೇ ಬರುವವರಾದ್ದರಿಂದ ಯಾರೂ ತಿರುಗಿ ನೋಡಲಿಲ್ಲ. ಮಧ್ಯಾಹ್ನ ದಾಟಿದ ಮೇಲೆ ಕಾಕು ಹೆಜ್ಜೆಗೊಮ್ಮೆ ನಿಲ್ಲತೊಡಗಿದರು. “ಬೇಗ ಬನ್ನಿ ಕಾಕು” ಎಂದರೆ ಸಿಡುಕಿದರು. ಅವರು ನನ್ನ ಮೇಲೆ ಎಂದೂ ಸಿಡುಕಿದವರಲ್ಲ. ಹತ್ತಿರ ಹೋಗಿ ನೋಡಿದರೆ ಹಣೆ, ಕುತ್ತಿಗೆ ಎಲ್ಲ ಬೆವರು. ನೆರಳಿನ ತಂಪಿಗೆ ನಾನು ಮಳೆಕೋಟು ಹಾಕಿಕೊಂಡಿದ್ದೆ. ಕೊಡೆ ಹಿಡಿದ ಅವರ ಕೈ ಗಡಗಡ ನಡುಗುತ್ತಿತ್ತು. ಆಗಲೇ ನನಗೆ ಹೊಳೆದದ್ದು, ಬಿಳಿ ಕೆಂಪು ಪಟ್ಟಿ ನೋಡಿ ಬಹಳ ಹೊತ್ತಾಗಿದೆ ಎಂದು.

“ಕಾಕು, ಒಂದು ನಿಮಿಷ ಕೂತ್ಕೊಳ್ಳಿ. ದಾರಿ ತಪ್ಪಿದೀವಿ ಅನ್ಸುತ್ತೆ” ಅಂದೆ.

ಅವರು ಕೂರಲಿಲ್ಲ. ನೆಟ್ಟಗೆ ನಿಂತು ಒಂದು ದಪ್ಪ ಮರದ ಬೊಡ್ಡೆಗೆ ಕೊಡೆಯ ತುದಿ ಇಟ್ಟರು. “ಹಿಂದ ಯಾರು ಮಾತಾಡ್ತೀರಿ? ನಿಂದರ್ರಿ! ಉತ್ತರಕ್ಕ ಏನು ಬೆಳೀತದ? ಹೇಳು, ನೀ ಹೇಳು.”

 ನನ್ನ ಅಪ್ಪನಿಗೂ ಸಕ್ಕರೆ ಕಾಯಿಲೆ. ಒಮ್ಮೆ ಗುಳಿಗೆ ನುಂಗಿ ತಿಂಡಿ ಮರೆತ ದಿನ ಹೀಗೆಯೇ ಬೆವರಿ, ಹಾಲಿನವನನ್ನು ತಮ್ಮ ಆಫೀಸಿನ ಗುಮಾಸ್ತನೆಂದು ತಿಳಿದು ಬೈದಿದ್ದರು. ಸಕ್ಕರೆ ಇಳಿದರೆ ಮೊದಲು ಬೆವರು, ಆಮೇಲೆ ಭ್ರಮೆ, ಆಮೇಲೆ ಎಚ್ಚರ ತಪ್ಪುತ್ತದೆ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕುವಂತಿಲ್ಲ. ಅವರ ಚೀಲ ಕಿತ್ತುಕೊಂಡು ತೆರೆದೆ. ನಿನ್ನೆಯ ಬ್ರೆಡ್ಡು, ನಿನ್ನೆಯ ಸೇಬು, ಇವತ್ತಿನದೂ, ಎಲ್ಲ ಒಂದು ಬಟ್ಟೆಯಲ್ಲಿ ಸುತ್ತಿ ಹಾಗೇ ಇದ್ದವು. ನೀರಿನ ಬಾಟಲಿಯ ಮುಚ್ಚಳ ಕೂಡ ತೆರೆದಿರಲಿಲ್ಲ. ಎರಡು ದಿನ ಇವರು ಏನೂ ತಿಂದಿಲ್ಲ, ಎರಡು ದಿನವೂ ನಾನೇ ನನ್ನ ಕೈಯಾರೆ ಗುಳಿಗೆ ಕೊಟ್ಟಿದ್ದೇನೆ.

ಜೇಬಿನಿಂದ ಒಂದು ಸಕ್ಕರೆ ಬಿಲ್ಲೆ ತೆಗೆದು ಕಾಗದ ಹರಿದು ಅವರ ಬಾಯಿಗೆ ಹಿಡಿದೆ. ಹಲ್ಲು ಕಚ್ಚಿಕೊಂಡರು. “ಏಕಾದಶಿ! ಮುಟ್ಟಬ್ಯಾಡ!” ಎಂದು ನೂಕಿದರು. ಬಿಲ್ಲೆ ತರಗೆಲೆಯಲ್ಲಿ ಬಿತ್ತು. ಇನ್ನೊಂದು ತೆಗೆದೆ. ಅದೂ ಹೋಯಿತು. ನಡುಗುವ ಕೈಗಳಲ್ಲಿ ಎಲ್ಲಿತ್ತೋ ಆ ಬಲ. ಗುಂಪಿನವರನ್ನು ಕೂಗಿದೆ, ಗಂಟಲು ಹರಿಯುವಂತೆ ಕೂಗಿದೆ. ಕಾಡು ಸುಮ್ಮನಿತ್ತು. ದಾರಿ ತಪ್ಪಿದವರ ಕೂಗು ಯಾರಿಗೆ ಕೇಳಬೇಕು? ಬಿಟ್ಟು ಓಡಿಹೋಗಿ ಜನ ಕರೆತರೋಣವೆಂದರೆ ವಾಪಸು ಇದೇ ಮರ ಸಿಗುತ್ತದೆಂಬ ಭರವಸೆಯಿಲ್ಲ. “ಅವ್ವನ್ನ ನಿಮ್ಮ ಮ್ಯಾಲೆ ಬಿಟ್ಟೀನಿ” ಎಂದ ಮಗನ ಮುಖ ಕಣ್ಣೆದುರು ಬಂತು. ನನಗೆ ಅಳುವೂ ಬಂತು, ವಿಪರೀತ ಸಿಟ್ಟೂ ಬಂತು. ಕಾಕು ಮೇಲೆ, ಅವರ ಪಂಚಾಂಗದ ಮೇಲೆ, ಎಲ್ಲದರ ಮೇಲೆ.

ಕಾಕು ಕಣ್ಣು ಮೇಲೆ ಸರಿಯುತ್ತಿತ್ತು. ಆದರೂ ಕೊಡೆ ಮರದ ಮೇಲೇ ಇತ್ತು. ಉತ್ತರಕ್ಕೆ ಕಾಯುತ್ತಿದ್ದರು. ಧಾರವಾಡದಲ್ಲಿ ಶಾಲೆಯ ಹುಡುಗಿಯರು ತಮ್ಮನ್ನು ಅಕ್ಕೋರು ಎನ್ನುತ್ತಿದ್ದರೆಂದು ಹೇಳಿದ್ದರು. ಅದೇ ಬಾಯಿಗೆ ಬಂತು.

“ಅಕ್ಕೋರೇ, ಮಿಲ್ಪಿಟಾಸ್‌ನಲ್ಲಿ ಈಗ ಸೂರ್ಯ ಹುಟ್ತಾ ಇದಾನೆ. ಅಲ್ಲಿ ದ್ವಾದಶಿ.”

ಅವರು ತಿರುಗಿದರು. “ಯಾವ ಊರು?”

“ಮಿಲ್ಪಿಟಾಸ್. ಕ್ಯಾಲಿಫೋರ್ನಿಯಾ.”

“ಇಲ್ಲೆ ಎಷ್ಟು ಹೊತ್ತು?”

“ಮಧ್ಯಾಹ್ನ ಮೂರು ಗಂಟೆ ಅಕ್ಕೋರೇ.”

ಅವರ ತುಟಿಗಳು ಅಲುಗಿದವು. ಬೆರಳ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಾಡಿತು, ನಿಂತಿತು, ಮತ್ತೆ ಮೊದಲಿನಿಂದ ಶುರುವಾಯಿತು.  ಆ ಲೆಕ್ಕ ತಪ್ಪಿದರೆ ಮುಗಿಯಿತು ಎನಿಸಿತ್ತು. “ಪಶ್ಚಿಮಕ್ಕ ಹೋದಂಗ ಹೊತ್ತು ಹಿಂದ... ಒಂಬತ್ತು ತಾಸು... ಅಲ್ಲೆ ಬೆಳಿಗ್ಗೆ ಆರು.”

“ಹೌದು. ಪಂಚಾಂಗದಲ್ಲಿ ಇವತ್ತಾದ್ರೆ ಅಲ್ಲಿ ನಿನ್ನೆನೇ ಏಕಾದಶಿ ಆಯ್ತು. ಪಾರಣೆ ಹೊತ್ತು ಮೀರ್ತಾ ಇದೆ ಅಕ್ಕೋರೇ.”

ಕೊಡೆಯನ್ನು ಮರದಿಂದ ಇಳಿಸಿದರು. ಆಮೇಲೆ “ಬರೋಬ್ಬರಿ ಅದ. ಕೂಡು” ಎಂದರು. ನನಗೆ ಕೂಡು ಎಂದು ತಾವೇ ಎಲೆಗಳ ಮೇಲೆ ಕುಸಿದು ಕೂತು ಬಾಯಿ ತೆರೆದರು.

ಒಂದಾದ ಮೇಲೊಂದು ಬಿಲ್ಲೆ ಹಾಕಿದೆ. ಒಣಗಿದ ಬಾಯಲ್ಲಿ ಸಕ್ಕರೆ ಕರಗುತ್ತಿರಲಿಲ್ಲ, ನೀರು ಕುಡಿಸಿದೆ. ಕುಡಿದರು. ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಾದೆ. ಎಷ್ಟು ಹೊತ್ತು ಅಂತ ಗೊತ್ತಿಲ್ಲ... ಕೊನೆಗೆ ನಡುಕ ನಿಂತಿತು, ಬೆವರು ಆರಿತು. ಕಾಕು ಕಣ್ಣು ಅರಳಿಸಿ ನನ್ನನ್ನು ನೋಡಿದರು.

“ಏನವಾ, ಯಾಕ ಅಳ್ಲಿಕತ್ತೀ?”

ಚರ್ಚಿನ ಗಂಟೆ ಕೇಳಿದ ದಿಕ್ಕಿಗೆ ನಿಧಾನವಾಗಿ ನಡೆದು ಕಾಡಿನಿಂದ ಹೊರಗೆ ಬಂದೆವು. ಮೊದಲ ಮನೆಯ ಹೆಂಗಸು ನಮ್ಮ ಅವತಾರ ನೋಡಿ ಒಂದು ಮಾತೂ ಕೇಳದೆ ಕುರ್ಚಿ ಹಾಕಿ ದೊಡ್ಡ ಬೋಗುಣಿಯಲ್ಲಿ ಬಿಸಿ ಹಾಲು ತಂದಿಟ್ಟಳು. ಹಾಲು ಕುಡಿದ ಮೇಲೆ ಕಾಕು ತಮ್ಮ ಲೆಕ್ಕ ಒಪ್ಪಿಸಿದರು.

“ಅಮೆರಿಕಾದಾಗ ಒಂದು ದಿನ ಮೊದಲ ಮಾಡ್ತೀವಿ. ಊರಾಗ ಪಂಚಾಂಗದ ದಿನಾ. ಇದು ಎರಡರ ನಡುವಿನ ದೇಶ, ಯಾವುದು ಅಂತ ಹಿಡೀಬೇಕು? ಎರಡೂ ದಿನಾ ಮಾಡಿದ್ರ ಒಂದರೆ ಬರೋಬ್ಬರಿ ಬರ್ತದ ಅಂತ ಮಾಡಿದೆ.”

“ಹಣ್ಣು ಹಾಲು ತಗೋತೀನಿ ಅಂತ ಮಗನಿಗೆ ಮಾತು ಕೊಟ್ಟಿದ್ರಲ್ಲ?”

“ಕೊಟ್ಟಿದ್ದೆ. ನಕಾಶೆಯೊಳಗಿಂದು ಕಣ್ಣಿಗೆ ತೋರಿಸ್ದ ದೇವರಿಗೆ ನೀರಿಲ್ಲದ ಉಪವಾಸ ಮಾಡಬೇಕು ಅನಸ್ತು.”

“ಮತ್ತೆ ಗುಳಿಗೆ ಯಾಕೆ ನುಂಗಿದ್ರಿ?”

“ಅದು ಔಷಧ. ಔಷಧಕ್ಕ ದೋಷ ಇಲ್ಲ.”

ನಾನು ಬಾಯಿಗೆ ಬಂದಂತೆ ಬೈದೆ. ಕಾಕು ತಲೆ ತಗ್ಗಿಸಿ ಬೈಸಿಕೊಂಡರು. ಮೂವತ್ತು ವರ್ಷ ಹುಡುಗಿಯರನ್ನು ಬೈದವರು ಅವತ್ತು ಬೈಸಿಕೊಂಡರು.

ಮುಂದಾಳು ಹಳ್ಳಿಯ ನೀರಿನ ತೊಟ್ಟಿಯ ಹತ್ತಿರ ಕಾಯುತ್ತಿದ್ದ. ಕಾಕು ನಾನು ಬಾಯಿ ತೆರೆಯುವ ಮೊದಲೇ ತಮ್ಮ ಇಂಗ್ಲಿಷಿನಲ್ಲಿ ಎಲ್ಲವನ್ನೂ, ಮುಚ್ಚಿಟ್ಟ ಕಾಯಿಲೆಯನ್ನೂ ಸೇರಿಸಿ ಹೇಳಿಬಿಟ್ಟರು. ಅವನ ಮುಖ ಕೆಂಪಾಯಿತು. ಕಾಕುಗೆ ಇನ್ನುಳಿದ ದಾರಿ ಸಾಮಾನಿನ ವ್ಯಾನಿನಲ್ಲಿ ಎಂದ. ಕಾಕು ವಾದ ಮಾಡಲಿಲ್ಲ. ಮರುದಿನದಿಂದ ಪೆಟ್ಟಿಗೆಗಳ ಮಧ್ಯೆ ಕೊಡೆ ಹಿಡಿದು ಕೂತು ಕಿಟಕಿಯಿಂದ ಫ್ರಾನ್ಸ್ ನೋಡಿದರು. ಸಂಜೆ ನಾನು ಕಾಲು ಎಳೆದುಕೊಂಡು ಬಂದರೆ ಬಾಗಿಲಲ್ಲೇ ಪರೀಕ್ಷೆ. ಮಣ್ಣು ಕೆಂಪೋ ಬಿಳಿಯೋ? ನದಿ ಯಾವ ಕಡೆ ಹರಿಯುತ್ತಿತ್ತು? ಅಡವಿ ಮುಗಿದ ಮೇಲೆ ಏನು ಬೆಳೆದಿದ್ದಾರೆ? ಅವರಿಗೆ ಹೇಳಬೇಕಲ್ಲ ಎಂದು ನಾನು ದಾರಿಯುದ್ದಕ್ಕೂ ಕಣ್ಣುಬಿಟ್ಟು ನೋಡುತ್ತಿದ್ದೆ. ನನ್ನ ಜೀವನದಲ್ಲಿ ಅಷ್ಟು ಗಮನವಿಟ್ಟು ನೋಡಿದ್ದು ಅದೊಂದೇ ವಾರ.

ಮಿಲ್ಪಿಟಾಸ್‌ಗೆ ವಾಪಸು ಬಂದ ಮೇಲೆ ಮಗನಿಗೂ ಅವರೇ ಹೇಳಿದರು. ಅವನು ಒಂದು ತಿಂಗಳು ನನ್ನ ಜೊತೆ ಮಾತಾಡಲಿಲ್ಲ, ಆಮೇಲೆ ತಾನೇ ಬಂದು ಬಾಗಿಲಲ್ಲಿ ನಿಂತು ಅತ್ತ. ಮತ್ತೆ ಬಂದ ಏಕಾದಶಿಗೆ ಗೋಡೆ ತಟ್ಟಿದ ಸದ್ದಾಯಿತು. “ಇವತ್ತೋ, ನಾಳಿಯೋ? ನೀ ಹೇಳಿದ ದಿನಾನ ನನ್ನ ಏಕಾದಶಿ.” ಉಪ್ಪಿಟ್ಟಿನವಳ ಹತ್ತಿರ ತಿಥಿ ಕೇಳುತ್ತಿದ್ದಾರಲ್ಲ ಎಂದು ನಗು ಬಂತು. ಆಮೇಲೆ ಅದು ನಮ್ಮ ಪದ್ಧತಿಯೇ ಆಯಿತು. ಇವತ್ತಾದರೆ ಒಂದು ಸಲ ತಟ್ಟುತ್ತಿದ್ದೆ, ನಾಳೆಯಾದರೆ ಎರಡು ಸಲ. ಆ ಒಂದೇ ದಿನ, ಅದೂ ಹಾಲು ಹಣ್ಣು ತೆಗೆದುಕೊಂಡು, ಕಾಕು ಏಕಾದಶಿ ಮಾಡುತ್ತಿದ್ದರು.

ಆ ದಶಕ ಮುಗಿಯುವ ಮೊದಲೇ ಕಾಕು ಹೋದರು. ಹೇವರ್ಡ್‌ನ ಆಸ್ಪತ್ರೆಯಲ್ಲಿ, ಒಂದು ಸಂಜೆ, ನಿದ್ದೆಯಲ್ಲಿ. ಮರುದಿನ ಮಗ ಪಂಚಾಂಗ ಹಿಡಿದು ನಮ್ಮ ಮನೆಗೆ ಬಂದ. ವರ್ಷಾವರ್ಷ ತಾಯಿಯ ಶ್ರಾದ್ಧ ಮಾಡಲು ತಿಥಿ ಬೇಕು. ನಮ್ಮಲ್ಲಿ ಶಾಸ್ತ್ರ ಬಲ್ಲವರು ಯಾರೂ ಇರಲಿಲ್ಲ.

“ಇಲ್ಲಿ ತಾರೀಖು ನೋಡಿದ್ರ ಏಕಾದಶಿ ಬರ್ತದ್ರಿ ವೈನಿ. ಊರಾಗ ಆಗಲೇ ಬೆಳಗಾಗಿತ್ತು, ಆ ತಾರೀಖು ನೋಡಿದ್ರ ದ್ವಾದಶಿ. ಏಕಾದಶಿಗೆ ಹೋದ್ರ ಪುಣ್ಯ ಅಂತಾರ ಎಲ್ಲಾರೂ... ಯಾವುದು ಹಿಡೀಲಿ? ತಿಥಿ ಗೊತ್ತಾಗಲಿಲ್ಲಂದ್ರ ವೈನೀನ ಕೇಳು ಅಂತಿದ್ದಳು ಅವ್ವ.”

ಏಕಾದಶಿ ಅಂದರೆ ಅವನಿಗೆ ಸಮಾಧಾನವಾಗುತ್ತಿತ್ತೆಂದು ನನಗೆ ಗೊತ್ತಿತ್ತು. ನನಗೆ ಮಾತ್ರ ಆ ಕಾಡು, ಕಚ್ಚಿಕೊಂಡ ಆ ಹಲ್ಲು ಕಣ್ಣಿಗೆ ಕಟ್ಟಿತು.

“ದ್ವಾದಶಿ ಅಂತ ಇಟ್ಕೊಳ್ಳಪ್ಪ,” ಅಂದೆ. “ಹಸ್ಕೊಂಡು ಹೋಗೋದು ಬೇಡ. ಊಟ ಮಾಡಿ ಹೋಗ್ಲಿ.”

ಅವನು ಪಂಚಾಂಗ ಮಡಿಸಿಕೊಂಡು, ತಲೆಯಾಡಿಸಿ ಹೋದ. ಇವತ್ತಿಗೂ ಅವರ ಮನೆಯಲ್ಲಿ ಕಾಕು ತಿಥಿ ದ್ವಾದಶಿಯೇ.

ಈಗ ಫೋನು ನೋಡಿದರೆ ಸಾಕು, ಯಾವ ಊರಿನಲ್ಲಿ ಯಾವ ತಿಥಿ, ಸೂರ್ಯ ಎಷ್ಟಕ್ಕೆ ಹುಟ್ಟುತ್ತಾನೆ ಎಲ್ಲ ಅದೇ ಹೇಳುತ್ತದೆ. ಯಾರೂ ನನ್ನನ್ನು ಕೇಳಬೇಕಾಗಿಲ್ಲ. ಸಕ್ಕರೆ ಬಿಲ್ಲೆಯನ್ನು ತಂದು ಅಡುಗೆಮನೆಯ ಕಪಾಟಿನಲ್ಲಿಟ್ಟಿದ್ದೇನೆ. ಅವತ್ತು ಅವರ ಬಾಯಿಗೆ ಹಾಕಿ ಉಳಿದದ್ದು ಇದೊಂದು. ಬೆರ್ರಿಯೆಸಾದ ಈ ಮನೆ ಒಂಟಿ ಮನೆ, ಸುತ್ತ ಹುಲ್ಲಿನ ಅಂಗಳ. ಎಷ್ಟು ತಟ್ಟಿದರೂ ಯಾವ ಗೋಡೆಯ ಆಚೆಗೂ ಯಾರೂ ಇಲ್ಲ.